ಸೋದರಮಾವನ ಹೆಸರು

ಚಂಬೇಶಿ ನದಿಯಾಚೆಯ ನಮ್ಮ ಹಳ್ಳಿಯಲ್ಲಿ ಮೊದಲ ಮಳೆ ಹಿಡಿದ ಸಂಜೆ ನಾವು ಮೊಮ್ಮಕ್ಕಳೆಲ್ಲ ಕಪಾಂಬ್ವೆ ಅಜ್ಜನ ಅಡುಗೆ ಗುಡಿಸಲಿನಲ್ಲಿ ಸೇರಿದ್ದೆವು. ದೀಪಕ್ಕೆ ಮುತ್ತಿದ ರೆಕ್ಕೆಹುಳುಗಳನ್ನು ಹಿಡಿದು ಹುರಿಯುತ್ತಿದ್ದ ನನ್ನ ತಂಗಿ ಮ್ವಾಂಗೆ, "ಅಜ್ಜ, ಹೋದ ಸಲ ನೀನು ಹೇಳಿದ ದೆವ್ವಕ್ಕಿಂತ ನಮ್ಮ ಮೇಷ್ಟ್ರೇ ಭಯಂಕರ. ಈ ಸಲನಾದ್ರೂ ಸರಿಯಾದ್ದೊಂದು ಹೇಳು" ಎಂದು ಕೆಣಕಿದಳು. ಅಜ್ಜ ನಗಲಿಲ್ಲ. ಕೊಳ್ಳಿಯನ್ನು ಒಲೆಯೊಳಕ್ಕೆ ನೂಕಿ ಶುರುಮಾಡಿದ.

"ನಮ್ಮ ದೇಶ ಜಾಂಬಿಯಾ ಅಂತಾದ ವರ್ಷ ಕಣ್ರೋ... ನಮ್ಮಮ್ಮನ ಅಣ್ಣ, ನನ್ನ ಸೋದರಮಾವ, ಹೊಸದಾಗಿ ಹುಟ್ಟಿದ ಒಂದು ಕ್ರೈಸ್ತ ಸಭೆ ಸೇರ್ಕೊಂಡಿದ್ದ. ಆಳೋ ಪಾರ್ಟಿ ಕಾರ್ಡು ತಗೋ ಅಂದ್ರೆ, 'ನನ್ನ ರಾಜ ಮೇಲಿದ್ದಾನೆ, ಅವನು ಕಾರ್ಡು ಕೇಳಲ್ಲ' ಅಂತಿದ್ದ. ಸತ್ತೋರ ಹೆಸರನ್ನ ಬದುಕಿರೋರಿಗಿಟ್ಟು ಅವರ ಜಾಗ ತುಂಬ್ಸೋ ನಮ್ಮ ಪದ್ಧತಿನೂ ಬೇಡ ಅಂದ. 'ಸತ್ತೋರು ದೇವರ ಹತ್ರ ಇರ್ತಾರೆ ಕಣವ್ವಾ, ನಿನ್ನ ಅಂಗಳದಲ್ಲಿ ಅಲೆಯಲ್ಲ' ಅಂತ ನಮ್ಮಜ್ಜಿನ, ಅಂದ್ರೆ ಅವನ ತಾಯಿನ, ರೇಗಿಸ್ತಿದ್ದ. ಅವಳು ಮುದ್ದೆ ಕೋಲು ಎತ್ಕೊಂಡು, 'ನೀನು ಸತ್ತು ನೋಡ್ಕೊಂಡು ಬಂದು ಹೇಳು!' ಅಂತಿದ್ಲು.

ಸಭೆಯೋರು ಬೇರೆ ಊರು ಕಟ್ಟಿ ಸುತ್ತ ಬೇಲಿ ಹಾಕ್ಕೊಂಡ್ರು. ಊರು ಬಿಡಿ ಅಂತ ಸರ್ಕಾರ ಅಂದ್ರೂ ಕೇಳ್ಲಿಲ್ಲ. ಸೈನಿಕರು ಬಂದ್ರು... ಆಮೇಲೆ ಸತ್ತೋರಿಗೆಲ್ಲ ಒಂದೇ ಗುಂಡಿ. ಯಾರು ಗುಂಡಿಯೊಳಗೆ, ಯಾರು ಗಡಿ ದಾಟಿ ಕಾಂಗೋಗೆ ಓಡಿದ್ರು, ಹೇಗೆ ತಿಳಿಯುತ್ತೆ? ಅಜ್ಜಿ ವರ್ಷಗಟ್ಟಲೆ ಬಾಗಿಲಿಗೆ ಅಗುಳಿ ಹಾಕ್ಲಿಲ್ಲ.

ಕೊನೆಗೆ ಸರ್ಕಾರ ಸಭೆಯೋರಿಗೆಲ್ಲ ಕ್ಷಮೆ ಸಾರ್ತು. ಗುಂಡಿ ಮೇಲೆ ಕಲ್ಲು ನೆಟ್ರು, ಡೋಲು ಬಡಿದ್ರು, ಭಾಷಣ ಮಾಡಿದ್ರು. 'ಇವತ್ತಿಗೆ ಅಳೋದು ಮುಗೀಲಿ. ಸತ್ತೋರ ಹೆಸರನ್ನ ಅವರವರ ಮನೆಯೋರಿಗೆ ಕೊಟ್ಟು ಒಂದಾಗೋಣ' ಅಂದ್ರು. 'ನನ್ನ ಮಗನ ಹೆಣ ನಾನು ನೋಡಿಲ್ಲ' ಅಂದ್ಲು ಅಜ್ಜಿ. ಊರ ಪಾರ್ಟಿ ಅಧ್ಯಕ್ಷ ನಗ್ತಾ, 'ಅಮ್ಮಾ, ನಿಮಗೊಬ್ರಿಗೆ ಇನ್ನೂ ಜಗಳ ಬೇಕಾ?' ಅಂದ. ಜನ ಎಲ್ಲ ಅವಳನ್ನೇ ನೋಡ್ತಿದ್ರು... ನಮ್ಮಲ್ಲಿ ಮಾವನ ಹೆಸರು ಸೋದರಳಿಯನಿಗೆ ತಾನೆ? ನಂಗೆ ನೀರು ಕುಡಿಸಿ, ಮಾವನ ಬಿಲ್ಲು ಕೈಗಿಟ್ಟು, 'ಕಪಾಂಬ್ವೆ, ಮಗನೇ' ಅಂದ್ಲು. ಅವತ್ತಿಂದ ನಾನೇ ಅವಳ ಮಗ. ಅವತ್ತೇ ಬಾಗಿಲಿಗೆ ಅಗುಳಿನೂ ಬಿತ್ತು.

ಮಾರನೇ ಮಳೆಗಾಲ, ಇಂಥದೇ ಸಂಜೆ, ಹೊರಗೆ 'ಅವ್ವಾ' ಅಂತ ಕೇಳ್ತು. ಅದೇ ದನಿ... ಹೆಸರು ಕೊಟ್ಟಾದ ಮೇಲೂ ಬರೋದು ಕೆಟ್ಟ ದೆವ್ವ, ಅದಕ್ಕೆ ಬೂದಿ ಎರಚಬೇಕು ಅಂತ ನಮ್ಮೋರೆಲ್ಲ ನಂಬಿದ್ದು. ಅಜ್ಜಿ ಅಳ್ತಾ ಅಳ್ತಾ ಬಾಗಿಲ ಸಂದಿಯಿಂದ ಎರಚಿದ್ಲು. ಹೊರಗಿನೋನು ಕೆಮ್ಮಿದ. 'ಅವ್ವಾ, ನಾನು ಸತ್ತಿಲ್ಲ. ಕ್ಷಮಿಸಿದ್ದಾರೆ ಅಂತ ಕೇಳಿ ಕಾಂಗೋದಿಂದ ನಡ್ಕೊಂಡು ಬಂದೆ. ನಾನು, ಕಪಾಂಬ್ವೆ.'

'ಕಪಾಂಬ್ವೆ ಒಳಗಿದ್ದಾನೆ' ಅಂದ್ಲು ಅಜ್ಜಿ. 'ಉಣ್ತಾ ಕೂತಿದ್ದಾನೆ. ನಿನ್ನ ಜಾಗ ತುಂಬಿದೆ, ಹೋಗಪ್ಪಾ...'

ಆಮೇಲೆ ಮಳೆ ಸದ್ದು, ಅಷ್ಟೇ.

ಬೆಳಿಗ್ಗೆ ನೋಡಿದ್ರೆ, ಮಾವ ಗುಂಡಿ ಮೇಲಿನ ಕಲ್ಲಿಗೆ ಒರಗಿ ಸತ್ತು ಕೂತಿದ್ದ. ಅಂಗಾಲು ಒಡೆದು ರಕ್ತ. ದೆವ್ವಕ್ಕೆ ರಕ್ತ ಇರುತ್ತಾ, ಹೇಳಿ? ಗಡ್ಡದಲ್ಲಿ ಬೂದಿ ಮೆತ್ಕೊಂಡಿತ್ತು. ಅಜ್ಜಿ ಅದನ್ನ ಒರೆಸ್ತಾ ಒರೆಸ್ತಾ ಕರೆಯೋಕೆ ಬಾಯಿ ತೆರೆದ್ಲು... ಏನಂತ ಕರೀತಾಳೆ? ಅವನ ಹೆಸರು ಪಕ್ಕದಲ್ಲೇ ನಿಂತಿತ್ತಲ್ಲ, ನನ್ನ ಮೈಯಲ್ಲಿ. 'ಇವನ ಕಾರ್ಯ ಹೋದ ವರ್ಷವೇ ಆಗಿದೆಯಲ್ಲ' ಅಂದ ಅಧ್ಯಕ್ಷ. ಹೆಸರಿಲ್ಲದೆ ಹಾಗೇ ಮಣ್ಣು ಮಾಡಿದ್ವಿ."

ಮ್ವಾಂಗೆ ಬಾಣಲೆಯನ್ನು ಒಲೆಯಿಂದ ಇಳಿಸಿ ಅಜ್ಜನ ಪಕ್ಕಕ್ಕೆ ಸರಿದಳು. "ಈಗ್ಲೂ ಬರ್ತಾನಾ, ಅಜ್ಜ?"

"ನಾನು ಹೋದ್ಮೇಲೆ ಈ ಹೆಸರನ್ನ ನಿಮ್ಮಲ್ಲಿ ಯಾರೂ ಇಟ್ಕೋಬೇಡಿ ಮಕ್ಕಳಾ. ಪಾಪ, ಅವನು ಒಳಗೆ ಬಿಡಿ ಅಂತ ಯಾವತ್ತೂ ಕೇಳಲ್ಲ. ಮಳೆ ಹಿಡಿದ ಸಂಜೆ ಬಾಗಿಲ ಹತ್ರ ನಿಂತು ಒಂದೇ ಮಾತು, ಮೆಲ್ಲಗೆ... ಇವತ್ತೂ ನೀವು ಬರೋ ಮುಂಚೆ ಕೇಳ್ದ. 'ಅಳಿಯಾ, ನನ್ನ ಹೆಸರು... ನಿಂದು ಮುಗೀತಾ?'"