ಹದಿನಾಲ್ಕನೆಯ ಮೆಟ್ಟಿಲು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅಕ್ಕ — ನಮ್ಮ ಸರ್ ಅವರ ಪತ್ನಿ — ಮತ್ತು ಅವರ ಮಗಳು — ನಿಮ್ಮ ದುಃಖದಲ್ಲಿ ನಮ್ಮ ಡಿಸೈನ್ ಸೆಕ್ಷನ್ನಿನವರೆಲ್ಲ ಜೊತೆಗಿದ್ದೇವೆ.

ಪೆನ್ಸಿಲ್ ಸರ್ — ಹಾಗೆಂದೇ ಕರೆಯುತ್ತಿದ್ದೆವು, ಎದುರಿಗೂ. ಹತ್ತೊಂಬತ್ತು ವರ್ಷ ಅವರ ಪಕ್ಕದ ಮೇಜು ನನ್ನದು.

ನಮ್ಮ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ಬೆರೆತ ಎರಡು ದ್ರವಗಳನ್ನು ಬೇರೆ ಮಾಡಬೇಕು. ಕಂಬದಂಥ ಉಕ್ಕಿನ ಕೊಳವೆ, ನಾವು ಕಾಲಂ ಅನ್ನುತ್ತೇವೆ. ಒಳಗೆ ಒಂದರ ಮೇಲೊಂದು ಟ್ರೇ, ಅಂದರೆ ತೂತುಗಳಿರುವ ತಟ್ಟೆ. ಕೆಳಗಿನಿಂದ ಕಾಯಿಸಿದರೆ ಆವಿ ಒಂದೊಂದು ಟ್ರೇ ಹತ್ತಿದಂತೆ ಒಂದಿಷ್ಟು ಶುದ್ಧವಾಗುತ್ತದೆ. ಎಷ್ಟು ಟ್ರೇ ಬೇಕು? — ಲೆಕ್ಕ ಇಷ್ಟೇ. ಕಂಪ್ಯೂಟರ್ ಕಣ್ಣು ಮಿಟುಕಿಸುವುದರೊಳಗೆ ಹೇಳಿಬಿಡುತ್ತದೆ. ಸರ್ ಮಾತ್ರ ಗ್ರಾಫ್ ಹಾಳೆ ಹಾಸಿ, ಪೆನ್ಸಿಲಿನಿಂದ ಗೆರೆಗಳನ್ನೆಳೆದು, ನಡುವೆ ಮೆಟ್ಟಿಲು ಬಿಡಿಸುತ್ತ ಇಳಿಯುತ್ತಿದ್ದರು — ಹೀಗೆ, ಅಡ್ಡ, ಕೆಳಗೆ, ಅಡ್ಡ, ಕೆಳಗೆ. ಒಂದು ಮೆಟ್ಟಿಲಿಗೆ ಒಂದು ಟ್ರೇ.

"ಕಂಪ್ಯೂಟರ್ ಹೇಳಿದ್ಮೇಲೆ ಮತ್ಯಾಕೆ ಸರ್ ತಲೆಕೆಡಿಸ್ಕೋತೀರಾ?" ಎಂದೆ ಒಮ್ಮೆ.

"ಅದು ಎಷ್ಟು ಅಂತ ಹೇಳತ್ತಪ್ಪ. ಯಾಕೆ ಅಂತ ಹೇಳಲ್ವಲ್ಲ!"

ನನ್ನ ತಪ್ಪು ಸಿಕ್ಕರೆ ಬೈಯುತ್ತಿರಲಿಲ್ಲ — ಖುಷಿಪಡುತ್ತಿದ್ದರು! ಕುರ್ಚಿ ಎಳೆದುಕೊಂಡು ಬಂದು, "ಬಾರಯ್ಯ, ಎಲ್ಲಿ ಜಾರಿದೆ ನೋಡೋಣ" ಎನ್ನುತ್ತಿದ್ದರು. ನನಗೋ ಮೈಯೆಲ್ಲ ಉರಿಯುತ್ತಿತ್ತು.

ಈ ವಾರ ನನ್ನ ಲೆಕ್ಕದ ಕಾಲಂ ಒಂದು ತಯಾರಿಕೆಗೆ ಹೋಗಬೇಕಿತ್ತು. ಮೂವತ್ತೊಂದು ಟ್ರೇ. ಕಾಯಿಲೆ ಬೀಳುವ ಮುನ್ನ ಸರ್ ಅದನ್ನು ಪರೀಕ್ಷಿಸಲು ಮನೆಗೆ ಒಯ್ದಿದ್ದರು. ಮೊನ್ನೆ ಅಕ್ಕ ಒಂದು ಹಾಳೆ ಕೈಗಿಟ್ಟು, "ನಿನ್ನ ಲೆಕ್ಕವಂತೆ ಕಣಪ್ಪ. ಅರ್ಧಕ್ಕೇ ನಿಂತಿದೆ" ಎಂದರು. ಮೇಲಿನಿಂದ ಹದಿನಾಲ್ಕು ಮೆಟ್ಟಿಲು. ಹದಿನಾಲ್ಕನೆಯದರ ಪಕ್ಕ ಒಂದು ಪ್ರಶ್ನೆಯ ಗುರುತು. ಅಷ್ಟೇ.

ಅಲ್ಲಿಂದ ಮುಂದೆ ಇಳಿಯಲು ನನಗೆ ಧೈರ್ಯ ಬರಲಿಲ್ಲ. ಕೆಳಗಿನಿಂದ ಹತ್ತಿಕೊಂಡು ಬಂದೆ — ಎರಡೂ ಕಡೆಯಿಂದ ಎಣಿಸು ಅಂತ ಅವರೇ ಕಲಿಸಿದ್ದು. ನನ್ನ ಮೂವತ್ತೊಂದು ಸರಿಯಿದ್ದರೆ ಹದಿನೇಳಕ್ಕೆ ಅವರ ಮೆಟ್ಟಿಲು ಸಿಗಬೇಕು. ಹದಿನೇಳು — ಸಿಗಲಿಲ್ಲ. ಹದಿನೆಂಟು — ಇಲ್ಲ. ಇಪ್ಪತ್ತೊಂದಕ್ಕೆ ಸಿಕ್ಕಿತು. ನಾಲ್ಕು ಟ್ರೇ ಕಡಿಮೆ! ಹಾಗೇ ಕಟ್ಟಿಸಿದ್ದರೆ ಬೇರೆಯಾಗಬೇಕಾದದ್ದು ಬೆರೆತೇ ಹೊರಬರುತ್ತಿತ್ತು. ನಿನ್ನೆ ಆರ್ಡರ್ ನಿಲ್ಲಿಸಿದೆ.

ಎಲ್ಲಿ ಜಾರಿದೆ? ಇನ್ನೂ ಗೊತ್ತಾಗಿಲ್ಲ. ನಿಜ ಹೇಳಲೇ — ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ತಿಳಿದುಕೊಳ್ಳದೆ ಇರಲಾಗುತ್ತಿಲ್ಲ. ಕುರ್ಚಿ ಎಳೆದುಕೊಂಡು ಬರುವವರು ಇಲ್ಲವಲ್ಲ, ಅದೊಂದೇ ಸಂಕಟ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ — ಎರಡು ನಿಮಿಷ, ಮೌನವಾಗಿ. ಅಕ್ಕ, ಹಾಳೆ ನನ್ನ ಜೇಬಿನಲ್ಲೇ ಇದೆ. ಎಲ್ಲರೂ ಕಣ್ಣು ಮುಚ್ಚಿದಾಗ ನಾನೊಬ್ಬ ಹದಿನಾಲ್ಕನೆಯ ಮೆಟ್ಟಿಲನ್ನೇ ನೋಡುತ್ತ ನಿಂತಿದ್ದರೆ, ಬೇಸರ ಮಾಡಿಕೊಳ್ಳಬೇಡಿ.