ಊಟಕ್ಕೆ ಮುಂಚಿನ ಚೀಟಿ

"ಗೋಡೆ ಮೇಲಿನ ದಿನಚರಿಯ ಆರು ಚಿತ್ರದ ಚೀಟಿ ಮಗಳಿಗೆ ಕಲಿಸೋಕೆ ಎರಡು ವರ್ಷ ಹಿಡೀತು. ಒಂದನ್ನ ಕೀಳೋಕೆ ಒಂದು ನಿಮಿಷ ಸಾಕಾಯ್ತು."

ಆಟಿಸಂ ಇರುವ ಮಕ್ಕಳ ತರಬೇತಿ ಕೇಂದ್ರದಲ್ಲಿ ಮೊಮ್ಮಗನಿಗಾಗಿ ಕಾಯುತ್ತಿದ್ದ ದರ್ಜಿಯ ಕಿವಿ ಪಕ್ಕದ ಬೆಂಚಿನತ್ತ ತಿರುಗಿತು. ಅಲ್ಲಿ ಒಬ್ಬ ತಾಯಿ, ಅವಳ ನಾದಿನಿ.

"ಯಾವುದನ್ನ ಕಿತ್ರಿ, ಅತ್ತಿಗೆ?"

"'ಅಪ್ಪ ಬಂದರು' ಅನ್ನೋದನ್ನ. ನಿಮ್ಮಣ್ಣ ತೀರಿಕೊಂಡ ಮರುದಿನವೇ. ಮಗಳು ನೋಡಿ ಅಳ್ತಾಳೆ ಅಂತ."

"ಅತ್ತಳಾ?"

"ಎಲ್ಲಿ! ಅದಾದ ಮೇಲಿನದು ಊಟದ ಚೀಟಿ. ಅಪ್ಪ ಬರದೆ ಊಟ ಎಲ್ಲಿಂದ ಬರಬೇಕು? ಮೂರು ದಿನ ತಟ್ಟೆ ಮುಟ್ಟಲಿಲ್ಲ."

"ನಮ್ಮಣ್ಣನ ಹಟವೇ."

"ಹಟ ಅಲ್ಲ ಕಣೇ. ಒಂದಾದ ಮೇಲೆ ಒಂದು ಅಂತ ಕಲಿಸಿದವಳು ನಾನೇ."

"ಮತ್ತೆ ಅಂಟಿಸಬಾರದಿತ್ತಾ?"

"ಅಂಟಿಸಿದೆ. ಅವರ ಚಪ್ಪಲಿ ತೊಡೆ ಮೇಲಿಟ್ಟುಕೊಂಡು ಬಾಗಿಲಲ್ಲಿ ಕೂತುಬಿಟ್ಟಳು."

"ಅಯ್ಯೋ! ಇಲ್ಲಿ ಟೀಚರ್ ಏನಂದ್ರು?"

"ಅಪ್ಪನ ಚಿತ್ರಕ್ಕೆ ಅವಳ ಕೈಯಿಂದಲೇ ಅಡ್ಡಗೆರೆ ಎಳೆಸಿ, ಪಕ್ಕದಲ್ಲಿ ನನ್ನ ಚಿತ್ರ ಇಡೋಕೆ ಹೇಳಿದ್ರು."

"ಎಳೆದಳಾ?"

"ನಿನ್ನೆ ಎಳೆದಳು. ಹೊಟ್ಟೆ ತುಂಬ ಉಂಡಳು. ಚಪ್ಪಲಿಯನ್ನ ಅದರ ಜಾಗದಲ್ಲಿಟ್ಟು ಬಂದಳು."

"ಸದ್ಯ, ಒಳ್ಳೇದೇ ಆಯ್ತಲ್ಲ."

ಒಳಗಿನಿಂದ ಕರೆದರು. ತಾಯಿ ಎದ್ದು ಸೆರಗು ಸರಿಮಾಡಿಕೊಂಡಳು.

"ಒಳ್ಳೇದೇ. ಅವಳು ಊಟ ಮಾಡಿದಳು. ಬಾಗಿಲು ನೋಡೋಕೆ ಈಗ ನಾನೊಬ್ಬಳೇ."