ಹಿಂದಿನ ಸೀಟಿನ ಗಾಳಿಕಿಂಡಿ

ಸ್ಕೂಟರಿಗೆ ಪಂಕ್ಚರ್ ಹಾಕಿಸಲು ಬಂದ ಟೈಲರಮ್ಮ ಗ್ಯಾರೇಜಿನ ಬೆಂಚಿನ ಮೇಲೆ ಪೇಪರ್ ಹಿಡಿದು ಕೂತಿದ್ದಳು. ಕಣ್ಣು ಪೇಪರಿನಲ್ಲಿತ್ತು, ಕಿವಿ ಮಾತ್ರ ಪಕ್ಕದ ಗಂಡ-ಹೆಂಡಿರ ಕಡೆಗೆ. ಅವರು ಹೊಸದಾಗಿ ಕೊಂಡ, ಪೆಟ್ರೋಲು-ಬ್ಯಾಟರಿ ಎರಡರಲ್ಲೂ ಓಡುವ ಹಳೇ ಹೈಬ್ರಿಡ್ ಕಾರು ನಾಳೆ ಹೆದ್ದಾರಿ ಹತ್ತಬೇಕಿತ್ತು.

“ಮೆಕ್ಯಾನಿಕ್ ಏನಂದ್ರು ರೀ?”

“ಟೈರು, ಬ್ರೇಕು ಎಲ್ಲಾ ಸರಿಯಿದೆಯಂತೆ. ಹಿಂದಿನ ಸೀಟಿನ ಪಕ್ಕ ಒಂದು ಗಾಳಿಕಿಂಡಿ ಇದೆಯಲ್ಲ, ದೊಡ್ಡ ಬ್ಯಾಟರಿ ಉಸಿರಾಡೋದು ಅಲ್ಲಿಂದಲೇ. ಅದರ ತುಂಬ ಕೂದಲು ಕಟ್ಕೊಂಡಿತ್ತು.”

“ಯಾರ ಕೂದಲು?”

“ಹಳೇ ಓನರ್ ನಾಯೀದು. ಈಗ ಕ್ಲೀನ್ ಮಾಡಿದಾರೆ. ಆದ್ರೆ ಕಿಂಡಿಗೆ ಏನೂ ಅಡ್ಡ ಇರಬಾರದಂತೆ. ಬ್ಯಾಟರಿ ಬಿಸಿಯಾಗಿ ನಡುದಾರೀಲಿ ಕೈಕೊಡುತ್ತೆ.”

“ಸರಿ, ಸಾಮಾನೆಲ್ಲ ಡಿಕ್ಕಿಗೆ ಹಾಕೋಣ.”

“ಸಾಮಾನಲ್ಲ ಕಣೇ. ನಿಮ್ಮಮ್ಮ.”

“ನಮ್ಮಮ್ಮ ಏನ್ ಮಾಡಿದ್ಲು?”

“ಅತ್ತೆ ಯಾವ ಕಾರಲ್ಲಾದ್ರೂ ಕೂರೋದು ಹಿಂದಿನ ಸೀಟಲ್ಲೇ. ಜೊತೆಗೆ ದಿಂಬು, ಕಂಬಳಿ, ಆ ಗಂಟು. ನಾನೇನು ಬೇಡ ಅಂತಿಲ್ಲ, ಮೆಕ್ಯಾನಿಕ್ ಹೇಳಿದ್ದು. ಪಾಪ, ಬಸ್ಸಲ್ಲಿ ಆರಾಮಾಗಿ ಬರಲಿ.”

ಟೈಲರಮ್ಮ ಪುಟ ಮಗುಚುವುದನ್ನೇ ಮರೆತಳು.

“ಮೆಕ್ಯಾನಿಕ್ ಅಮ್ಮನ ಹೆಸರು ಹೇಳಿದ್ರಾ?”

“ಹೆಸರು ಹೇಳಲಿಲ್ಲ. ಭಾವಾರ್ಥ ಅದೇ.”

“ಹಾಗಾದ್ರೆ ಅಮ್ಮ ಮುಂದೆ ಕೂರಲಿ, ನನ್ನ ಪಕ್ಕ.”

“ನಿನ್ನ ಪಕ್ಕಾನಾ? ಓಡಿಸೋದು ನಾನಲ್ವಾ?”

“ನೀವು ಹಿಂದೆ. ಕಿಂಡಿ ನೋಡ್ಕೊಳ್ಳೋಕೆ ಜವಾಬ್ದಾರಿ ಇರೋರು ಬೇಕಲ್ಲ.”

ಅವಳು ಕೀ ಎತ್ತಿಕೊಂಡು ಕಾರಿನತ್ತ ಹೊರಟಳು. ಅವನೂ ಎದ್ದು ಹಿಂದೆಯೇ ನಡೆದ.

“ಮತ್ತೆ ದಿಂಬು, ಗಂಟು?”

“ನಿಮ್ಮ ತೊಡೆ ಇದೆಯಲ್ಲ ರೀ.”